ಬಾಯಿಯ ವಾಸನೆ ಹೊಟ್ಟೆಯಿಂದ ಬರುವುದಲ್ಲ

ಗದಗ-ಬೆಟಗೇರಿಯ ನೇಕಾರರ ಓಣಿಯೊಂದರಲ್ಲಿ ದಂತವೈದ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ

ಇಲ್ಲಿಗೆ ಬರುವಾಗ ಪವರ್‌ಲೂಮ್ ಶೆಡ್ಡಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಒಳಗೆ ಇಬ್ಬರು ಮಾತಾಡುತ್ತಿದ್ದರು. ಆ ಸಪ್ಪಳದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕಾದರೆ ಕಿವಿಗೆ ಬಾಯಿ ಹಚ್ಚಿಯೇ ಹೇಳಬೇಕು. ಒಬ್ಬರು ಹೇಳುತ್ತಿದ್ದರು, ಇನ್ನೊಬ್ಬರು ಮುಖ ಸ್ವಲ್ಪ ಆಚೆ ತಿರುಗಿಸಿಕೊಂಡು ಕೇಳುತ್ತಿದ್ದರು. ಯಾಕೆ ಹಾಗೆ ತಿರುಗಿಸಿಕೊಂಡರೋ ನನಗೆ ಗೊತ್ತಿಲ್ಲ, ಊಹಿಸುವುದೂ ಬೇಡ. ಆದರೆ ಹತ್ತಿರ ನಿಂತು ಮಾತಾಡಲೇಬೇಕಾದ ಕೆಲಸ ನಿಮ್ಮದು. ಬಾಯಿ ವಾಸನೆಯ ಸಂಕಟ ನಿಮಗೆ ಗೊತ್ತಿರುವಷ್ಟು, ಮೇಜಿನ ಆಚೆ ಈಚೆ ಕೂತು ಮಾತಾಡುವವರಿಗೆ ಗೊತ್ತಿರಲಿಕ್ಕಿಲ್ಲ.

ಕೆಲವು ವರ್ಷಗಳ ಹಿಂದೆ ಕಂಡಿಕೆ ಸುತ್ತುವ ಒಬ್ಬ ಅಕ್ಕ ನನ್ನ ದವಾಖಾನೆಗೆ ಬಂದಿದ್ದರು. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ಮಾತಾಡಿದರು. ನೆಗಡಿ ಇರಬೇಕು ಅಂದುಕೊಂಡೆ. ಕುರ್ಚಿಯ ಮೇಲೆ ಒರಗಿಸಿ, ಸೆರಗು ತೆಗೀರಿ ಅಂದಾಗ ಅವರು ಕಣ್ಣು ಮುಚ್ಚಿಕೊಂಡು, "ಅಕ್ಕಾರ, ಮೊದ್ಲ ಮೂಗಿಗೆ ಬಟ್ಟಿ ಕಟ್ಕೋರಿ" ಅಂದರು. ನಾನು ಆಗಲೇ ಮಾಸ್ಕ್ ಹಾಕಿಕೊಂಡಿದ್ದೆ. ಅದು ಕಂಡರೂ ಆ ಮಾತು ಅವರ ಬಾಯಿಂದ ಬಂತು. ನಾಲ್ಕು ವರ್ಷದಿಂದ ಅದೇ ಚಿಂತೆ. ಮದುವೆ-ಮುಂಜಿವೆಗೆ ಹೋದರೆ ಹೆಂಗಸರ ಗುಂಪಿನಲ್ಲಿ ಕೂಡುತ್ತಿರಲಿಲ್ಲ, ಅಡುಗೆ ಮನೆಯಲ್ಲೇ ಉಳಿಯುತ್ತಿದ್ದರು. ಕೈಚೀಲದಿಂದ ತೆಗೆದು ತೋರಿಸಿದರು: ಗ್ಯಾಸಿನ ಗುಳಿಗೆ, ಪಿತ್ತದ ಗುಳಿಗೆ, ಅಜವಾನದ ಪುಡಿ. "ಹೊಟ್ಟಿ ಸರಿ ಇಲ್ಲರಿ, ಅದಕ್ಕ ಬಾಯಿ ನಾರತೈತಿ ಅಂತ ಎಲ್ಲಾರೂ ಹೇಳ್ಯಾರ."

ನನ್ನ ಹತ್ತಿರ ಈ ತೊಂದರೆ ಹೇಳಿಕೊಂಡು ಬರುವವರಲ್ಲಿ ಬಹುಪಾಲು ಮಂದಿ ಮೊದಲು ಹೊಟ್ಟೆಗೆ ಔಷಧ ತಗೊಂಡೇ ಬಂದಿರುತ್ತಾರೆ. ಇದೊಂದು ಮಾತು ನಿಮ್ಮ ಮನಸ್ಸಿನಲ್ಲಿ ಕೂತರೂ ನಾನು ಬಂದದ್ದು ಸಾರ್ಥಕ. ಹೊಟ್ಟೆ ಮತ್ತು ಬಾಯಿಯ ನಡುವಿನ ಅನ್ನನಾಳ ಸದಾ ತೆರೆದಿರುವ ಕೊಳವೆ ಅಲ್ಲ. ಅದರ ಎರಡೂ ತುದಿಗೆ ಬಿಗಿಯಾದ ಸ್ನಾಯುಗಳಿವೆ. ನುಂಗುವಾಗ ತೆರೆಯುತ್ತವೆ, ತೇಗು ಬಂದಾಗ ತೆರೆಯುತ್ತವೆ, ಉಳಿದ ಹೊತ್ತು ಮುಚ್ಚಿರುತ್ತವೆ. ಹುಳಿತೇಗಿನ ತೊಂದರೆ ತೀರಾ ಹೆಚ್ಚಾದ ಕೆಲವರಲ್ಲಿ ಹೊಟ್ಟೆಯೂ ಕಾರಣ ಆಗಬಹುದು. ಆದರೆ ಬಾಯಿ ವಾಸನೆ ಇರುವ ಹತ್ತು ಜನರನ್ನು ತಗೊಂಡರೆ ಎಂಟು-ಒಂಬತ್ತು ಜನರಲ್ಲಿ ಅದರ ಹುಟ್ಟು ಬಾಯಲ್ಲೇ. ನಾಲಿಗೆಯ ಹಿಂಭಾಗದಲ್ಲಿ, ವಸಡಿನಲ್ಲಿ, ಹಲ್ಲಿನ ಸಂದಿಯಲ್ಲಿ.

ಆ ಅಕ್ಕನಿಗೆ ಒಂದು ಚಮಚ ಕೊಟ್ಟಿದ್ದೆ. ನೀವೂ ಇವತ್ತು ಮನೆಯಲ್ಲಿ ಮಾಡಿ ನೋಡಿ. ಸ್ಟೀಲಿನ ಚಮಚವನ್ನು ಬೋರಲು ಮಾಡಿ, ನಾಲಿಗೆಯ ಮೇಲೆ ಆದಷ್ಟು ಹಿಂದಕ್ಕೆ ಇಟ್ಟು, ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಬಿಳಿಯೋ ಹಳದಿಯೋ ಒಂದು ಲೋಳೆ ಬರುತ್ತದೆ. ಕೆಲವು ಕ್ಷಣ ಬಿಟ್ಟು ಮೂಸಿ ನೋಡಿ. ಎದುರಿಗೆ ನಿಂತವರಿಗೆ ಬರುವ ವಾಸನೆ ಸುಮಾರಾಗಿ ಅದೇ. ಅಂಗೈಗೆ ಉಸಿರು ಬಿಟ್ಟು ಮೂಸುವವರು ಬಹಳ, ಅದರಿಂದ ಸರಿಯಾಗಿ ತಿಳಿಯುವುದಿಲ್ಲ. ಯಾವಾಗಲೂ ಇರುವ ವಾಸನೆಗೆ ಮೂಗು ಒಗ್ಗಿಹೋಗಿರುತ್ತದೆ.

ಆ ಲೋಳೆ ಏನು? ನಾಲಿಗೆಯನ್ನು ಕನ್ನಡಿಯಲ್ಲಿ ನೋಡಿದರೆ ಮುಂಭಾಗ ನುಣುಪು, ಹಿಂದೆ ಹೋದಂತೆ ಕಂಬಳಿಯ ಹಾಗೆ ಜುಂಗು ಜುಂಗು. ಕಂಬಳಿಯಲ್ಲಿ ಹಿಟ್ಟು ಚೆಲ್ಲಿದರೆ ಝಾಡಿಸಿದರೂ ಪೂರ್ತಿ ಹೋಗುವುದಿಲ್ಲ, ಅಲ್ಲವೆ? ಹಾಗೆಯೇ ಅಲ್ಲಿ ಊಟದ ಕಣ, ಬಾಯಿಯ ಒಳಚರ್ಮದಿಂದ ಉದುರಿದ ಜೀವಕೋಶ, ಮೂಗಿನ ಹಿಂದಿನಿಂದ ಇಳಿದ ಸಿಂಬಳ ಎಲ್ಲಾ ಸಿಕ್ಕಿಕೊಳ್ಳುತ್ತದೆ. ಗಾಳಿ ಆಡದ ಆ ಸಂದಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಚೆನ್ನಾಗಿ ಬೆಳೆಯುತ್ತವೆ. ಅವು ಅದರಲ್ಲಿನ ಪ್ರೋಟೀನನ್ನು ಒಡೆದಾಗ ಗಂಧಕದ ಅನಿಲಗಳು ಹೊರಡುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಹೈಡ್ರೋಜನ್ ಸಲ್ಫೈಡ್, ಕೊಳೆತ ತತ್ತಿಗೆ ಬರುವ ವಾಸನೆ ಅದರದ್ದೇ. ಇನ್ನೊಂದು ಮಿಥೈಲ್ ಮರ್ಕಾಪ್ಟನ್, ಅದು ವಸಡಿನ ರೋಗ ಇದ್ದವರಲ್ಲಿ ಹೆಚ್ಚು.

ಹಾಗಿದ್ದರೆ ಎಲ್ಲರ ಬಾಯಿಯೂ ಯಾವಾಗಲೂ ಯಾಕೆ ನಾರುವುದಿಲ್ಲ? ಜೊಲ್ಲು ಇರುವುದರಿಂದ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಊರುತ್ತದೆ, ಬಾಯಿಯನ್ನು ತೊಳೆಯುತ್ತಲೇ ಇರುತ್ತದೆ. ಹರಿಯುವ ನೀರು ನಾರುವುದಿಲ್ಲ. ನಿದ್ದೆಯಲ್ಲಿ ಮಾತ್ರ ಜೊಲ್ಲು ಬಹುತೇಕ ನಿಂತುಬಿಡುತ್ತದೆ. ಮುಂಜಾನೆ ಎದ್ದಾಗ ಎಲ್ಲರ ಬಾಯಿಗೂ ಒಂದು ವಾಸನೆ ಇರುವುದು ಅದಕ್ಕೇ, ಅದು ರೋಗ ಅಲ್ಲ. ಬಾಯಿ ತೆರೆದು ಮಲಗುವವರಿಗೆ ಇನ್ನಷ್ಟು. ಉಪವಾಸದ ದಿನ, ನೀರು ಕುಡಿಯದೆ ಕೆಲಸ ಮಾಡಿದ ದಿನ ಹಗಲಲ್ಲೂ ಹಾಗೇ ಆಗುತ್ತದೆ. ಮಗ್ಗದ ಮುಂದೆ ಕೂತರೆ ನಾಲ್ಕು ತಾಸು ಏಳುವುದಿಲ್ಲ, ನೀರು ಕುಡಿಯುವುದಿಲ್ಲ. ಪಕ್ಕದಲ್ಲಿ ಒಂದು ತಂಬಿಗೆ ನೀರು ಇಟ್ಟುಕೊಳ್ಳಿ, ಆಗಾಗ ಒಂದು ಗುಟುಕು. ಬಿ.ಪಿ., ಅಲರ್ಜಿ, ಮನಸ್ಸಿನ ಬೇಗುದಿಗೆ ಕೊಡುವ ಕೆಲವು ಗುಳಿಗೆಗಳೂ ಬಾಯಿ ಒಣಗಿಸುತ್ತವೆ. ಹಾಗಂತ ಗುಳಿಗೆ ಬಿಡಬೇಡಿ, ಕೊಟ್ಟ ವೈದ್ಯರಿಗೆ ಹೇಳಿ.

ರಾತ್ರಿಯ ಮಾತು ಇನ್ನೂ ಮುಗಿದಿಲ್ಲ. ನಮ್ಮಲ್ಲಿ ಹಲ್ಲು ತಿಕ್ಕುವುದು ಮಡಿಯ ಲೆಕ್ಕ: ಎದ್ದ ಕೂಡಲೇ ಮುಖ ತೊಳೆದು ಹಲ್ಲು ತಿಕ್ಕದೆ ಚಹಾ ಕುಡಿಯಬಾರದು. ಒಳ್ಳೆಯ ರೂಢಿ, ಬಿಡಬೇಡಿ. ಆದರೆ ರಾತ್ರಿ ತಿಕ್ಕಿ ಅಂದರೆ ಒಬ್ಬ ಯಜಮಾನರು ನನ್ನನ್ನೇ ಕೇಳಿದರು, "ರಾತ್ರ್ಯಾಗ ಯಾರಿಗೆ ತೋರಸಬೇಕ್ರಿ ಹಲ್ಲ?" ತಾಯಂದಿರೇ, ಮುಸುರೆ ಪಾತ್ರೆ ಹಾಗೇ ಬಿಟ್ಟು ಮಲಗುತ್ತೀರಾ? ಮುಂಜಾನೆ ಅಡುಗೆ ಮನೆಗೆ ಹೋದರೆ ಏನು ವಾಸನೆ ಇರುತ್ತದೆ ನಿಮಗೆ ಗೊತ್ತು. ರೊಟ್ಟಿ-ಪಲ್ಯ ಉಂಡ ಬಾಯಿಯನ್ನು ಜೊಲ್ಲೂ ಇಲ್ಲದ ಏಳು ತಾಸು ಹಾಗೇ ಬಿಡುವುದು ಮುಸುರೆ ಬಿಟ್ಟು ಮಲಗಿದ ಹಾಗೆ. ದಿನಕ್ಕೆ ಒಂದೇ ಸಲ ತಿಕ್ಕುತ್ತೇನೆ ಅನ್ನುವವರು ನನ್ನನ್ನು ಕೇಳಿದರೆ ಎರಡು ಸಲ ತಿಕ್ಕಿ ಅನ್ನುತ್ತೇನೆ. ಎಷ್ಟು ಹೇಳಿದರೂ ಒಂದೇ ಸಲ ಆಗುವುದಾದರೆ ಅದು ರಾತ್ರಿಯದ್ದೇ ಆಗಲಿ. ತಿಕ್ಕಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ, ಹಾಲು ಕೂಡ ಬೇಡ.

ಮತ್ತೆ ಆ ಅಕ್ಕನ ಬಾಯಿಗೆ ಬರೋಣ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ, ನಾಲಿಗೆಯ ಕಡೆಗೆ, ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಸೇತುವೆ ಕಟ್ಟಿದ ಹಾಗೆ ಪಾಚಿ ಗಟ್ಟಿಯಾಗಿತ್ತು. ನಿಮ್ಮ ಬಚ್ಚಲ ಹಂಡೆಯ ಒಳಗೆ ಬೋರಿನ ನೀರಿನ ಸುಣ್ಣ ಪದರು ಪದರಾಗಿ ಕೂಡುತ್ತದಲ್ಲ, ಹಾಗೆ. ಹಲ್ಲಿನ ಮೇಲೆ ದಿನಾ ಕೂಡುವ ಮೆತ್ತನೆಯ ಪದರನ್ನು ತೆಗೆಯದಿದ್ದರೆ, ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಕೆಲವೇ ದಿನಗಳಲ್ಲಿ ಅದು ಕಲ್ಲಾಗಲು ಶುರು ಆಗುತ್ತದೆ. ಜೊಲ್ಲಿನ ನಾಳ ತೆರೆಯುವುದು ಕೆಳಗಿನ ಮುಂದಿನ ಹಲ್ಲುಗಳ ಹಿಂದೆ, ಹಾಗೂ ಮೇಲಿನ ದವಡೆ ಹಲ್ಲಿನ ಕೆನ್ನೆಯ ಬದಿಗೆ. ಅದಕ್ಕೇ ಆ ಎರಡು ಜಾಗದಲ್ಲಿ ಪಾಚಿ ಬೇಗ ಕಟ್ಟುತ್ತದೆ. ಮೆತ್ತಗಿದ್ದಾಗ ಬ್ರಷ್ಷಿಗೆ ಹೋಗುತ್ತದೆ, ಕಲ್ಲಾದ ಮೇಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಉಪಕರಣದಿಂದಲೇ ತೆಗೆಯಬೇಕು.

ಆ ಕಲ್ಲಿನ ಅಂಚಿಗೆ ವಸಡು ಊದಿಕೊಂಡು ಕೆಂಪಾಗಿತ್ತು, ಮುಟ್ಟಿದರೆ ರಕ್ತ. ಯಾವಾಗಿನಿಂದ ಅಂತ ಕೇಳಿದೆ. ಬ್ರಷ್ ತಾಗಿದರೆ ರಕ್ತ ಬರುತ್ತದೆ ಅಂತ ಆ ಜಾಗ ಬಿಟ್ಟು ತಿಕ್ಕುತ್ತಿದ್ದೆ ಅಂದರು. ನಮ್ಮ ಮಂದಿ ಮಾಡುವ ಅತಿ ದೊಡ್ಡ ತಪ್ಪು ಇದು. ಕೊಳೆ ಇದ್ದಲ್ಲಿ ವಸಡು ಊದುತ್ತದೆ, ಊದಿದ್ದಕ್ಕೆ ರಕ್ತ ಬರುತ್ತದೆ. ರಕ್ತ ಬರುವ ಜಾಗವೇ "ನನ್ನನ್ನು ತೊಳಿ" ಅಂತ ಕರೆಯುವ ಜಾಗ. ಮೆತ್ತನೆಯ ಬ್ರಷ್ಷಿನಿಂದ ಅಲ್ಲೇ ನಿಧಾನಕ್ಕೆ ತಿಕ್ಕುತ್ತಾ ಹೋದರೆ, ರೋಗ ಆಳಕ್ಕೆ ಇಳಿದಿಲ್ಲದಿದ್ದರೆ, ಸುಮಾರು ಎರಡು ವಾರದಲ್ಲಿ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ ತೋರಿಸಬೇಕು. ಗಟ್ಟಿ ವಸಡಿನಲ್ಲಿ ಹಲ್ಲಿಗೂ ವಸಡಿಗೂ ನಡುವೆ ಒಂದರಿಂದ ಮೂರು ಮಿಲಿಮೀಟರ್ ಸಂದು ಇರುತ್ತದೆ. ರೋಗ ಇಳಿದಂತೆ ಅದು ಆಳವಾದ ಜೇಬಾಗುತ್ತದೆ, ಅದರೊಳಗೆ ಬ್ರಷ್ ಹೋಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಬೇಗ ಆಗುತ್ತದೆ, ವಸಡಿನ ರೋಗ ಇದ್ದರೆ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟ. ಎರಡೂ ಒಂದಕ್ಕೊಂದು ಕೈ ಜೋಡಿಸುತ್ತವೆ.

"ಕ್ಲೀನ್ ಮಾಡಿಸಿದ್ರ ಹಲ್ಲ ಸಡಲ ಆಗ್ತಾವಂತ" ಅನ್ನುವ ಹೆದರಿಕೆ ಪ್ರತಿ ಓಣಿಯಲ್ಲೂ ಇದೆ. ವಸಡು ಇಳಿದು ಹಲ್ಲುಗಳ ನಡುವೆ ಸಂದಿ ಆಗಲೇ ಬಿದ್ದಿರುತ್ತದೆ, ಪಾಚಿ ಅದನ್ನು ತುಂಬಿ ಮುಚ್ಚಿರುತ್ತದೆ. ಪಾಚಿ ತೆಗೆದಾಗ ಸಂದಿ ಕಾಣುತ್ತದೆ, ನಾಲಿಗೆಗೆ ಹೊಸದಾಗಿ ತಾಗುತ್ತದೆ. ಹಲ್ಲನ್ನು ಅಲುಗಿಸಿದ್ದು ಪಾಚಿ, ಅದನ್ನು ತೆಗೆದವರಲ್ಲ. ತಣ್ಣೀರು ಕೆಲವು ದಿನ ಜುಮ್ ಅನ್ನಿಸುತ್ತದೆ, ಆಮೇಲೆ ಹೋಗುತ್ತದೆ.

ಈಗ ಎಲೆ-ಅಡಿಕೆ-ತಂಬಾಕು. ಇದನ್ನು ಬಿಟ್ಟು ಬಾಯಿಯ ಮಾತು ನಮ್ಮ ಕಡೆ ಮುಗಿಯುವುದಿಲ್ಲ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆದದ್ದು 2013ರಲ್ಲಿ. ಆದರೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ತಗೊಂಡು ಅಂಗೈಯಲ್ಲಿ ಕೂಡಿಸಿಕೊಳ್ಳುವುದನ್ನು ನಾನು ದಿನಾ ನೋಡುತ್ತೇನೆ. ರಾತ್ರಿ ಪಾಳಿಯಲ್ಲಿ ನಿದ್ದೆ ಬರಬಾರದು ಅಂತ ಹಾಕಿಕೊಳ್ಳುತ್ತಾರೆ, ಆ ಕಷ್ಟ ನನಗೆ ಅರ್ಥ ಆಗುತ್ತದೆ. ಹೆಂಗಸರಲ್ಲಿ ಹಲ್ಲುನೋವು ಅಂತ ಶುರು ಮಾಡಿ ನಶ್ಯವನ್ನೋ ತಂಬಾಕಿನ ಪುಡಿಯನ್ನೋ ವಸಡಿಗೆ ತಿಕ್ಕುವ ಚಟ ಹತ್ತಿಸಿಕೊಂಡವರಿದ್ದಾರೆ. ನೋವು ಮರೆತ ಹಾಗೆ ಆಗುತ್ತದೆ, ಹುಳುಕು ಒಳಗೆ ಬೆಳೆಯುತ್ತಲೇ ಇರುತ್ತದೆ. ತಂಬಾಕಿನ ವಾಸನೆ ಮೇಲಿನದು, ಅದರ ಅಡಿಯಲ್ಲಿ ಇನ್ನೊಂದು ಮೋಸ ನಡೆದಿರುತ್ತದೆ. ನಿಕೋಟಿನ್ ವಸಡಿನ ರಕ್ತನಾಳಗಳನ್ನು ಸಂಕುಚಿತ ಮಾಡುವುದರಿಂದ ವಸಡು ಕೆಟ್ಟಿದ್ದರೂ ರಕ್ತ ಕಾಣುವುದಿಲ್ಲ. "ನನಗ ರಕ್ತಾನ ಬರಂಗಿಲ್ಲ, ವಸಡ ಗಟ್ಟಿ ಅದಾವ" ಅಂದವರ ಹಲ್ಲು ಕೈಗೆ ಬಂದದ್ದನ್ನು ನಾನು ಕಂಡಿದ್ದೇನೆ. ಅಡಿಕೆ ಅಗಿಯುವವರು ಕನ್ನಡಿ ಮುಂದೆ ನಿಂತು ಬಾಯಿ ತೆರೆದು, ತಮ್ಮದೇ ಮೂರು ಬೆರಳು ನಿಲ್ಲಿಸಿ ಒಳಗೆ ಹಾಕಿ ನೋಡಿ. ಹೋಗುತ್ತಿಲ್ಲ ಅಂದರೆ, ಖಾರ ತಿಂದರೆ ಬಾಯಿ ಉರಿಯುತ್ತದೆ ಅಂದರೆ, ಬಿಳಿ ಮಚ್ಚೆಯೋ ಎರಡು ವಾರಕ್ಕೂ ಮಾಯದ ಹುಣ್ಣೋ ಕಂಡರೆ ನಾಳೆಗೆ ಹಾಕಬೇಡಿ. ಆಗ ಮಾತು ವಾಸನೆಯದ್ದಲ್ಲ, ಜೀವದ್ದು. ಸಾತ್ತೂರಿನಲ್ಲಿರುವ ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು 1986ರಿಂದ ಇದೆ, ಮೊದಲು ಕಿಮ್ಸ್ ಅಂತ ಕರೆಯುತ್ತಿದ್ದ ಹುಬ್ಬಳ್ಳಿಯ ಸರ್ಕಾರಿ ದೊಡ್ಡ ಆಸ್ಪತ್ರೆ ಇದೆ. ನಮ್ಮೂರಿನಿಂದ ಎರಡೂ ದೂರ ಅಲ್ಲ.

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಯಾಕೆಂದರೆ ಇದು ನಮ್ಮ ಜಿಲ್ಲೆಯದ್ದೇ ದುಃಖ. ಮುಂಡರಗಿ ಕಡೆಯ ಎಷ್ಟೋ ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಮಕ್ಕಳ ಹಲ್ಲು ವಸಡಿನೊಳಗೆ ಇನ್ನೂ ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟಿ ಬೀಳುತ್ತದೆ. ಆ ಕಡೆಯ ಒಬ್ಬ ಹುಡುಗ, ಮದುವೆಗೆ ಹೆಣ್ಣು ನೋಡುತ್ತಿದ್ದವನು, ಇದ್ದಿಲು, ಉಪ್ಪು, ಇಟ್ಟಂಗಿ ಪುಡಿ ಎಲ್ಲಾ ಹಾಕಿ ತಿಕ್ಕಿ ತಿಕ್ಕಿ ಹಲ್ಲಿನ ಬುಡದಲ್ಲಿ ಗರಗಸ ಎಳೆದ ಹಾಗೆ ಗೀರು ಮಾಡಿಕೊಂಡು ಬಂದಿದ್ದ. ಅವನ ಬಾಯಿಗೆ ವಾಸನೆಯೇ ಇರಲಿಲ್ಲ. ಆ ಬಣ್ಣ ಕೊಳೆ ಅಲ್ಲ, ಅದು ಹಲ್ಲಿನ ಒಳಗಿನದು, ತಿಕ್ಕಿದರೆ ಹೋಗುವುದಿಲ್ಲ. ಹಲ್ಲು ಕಂದು ಇದ್ದವರ ಬಾಯಿ ಹೊಲಸು ಅಂತ ತಿಳಿಯಬೇಡಿ. ಮುತ್ತಿನಂಥ ಹಲ್ಲಿನ ಹಿಂದೆ ಕೊಳೆತ ವಸಡು ಇರಬಹುದು. ಪೇಸ್ಟಿನಲ್ಲೂ ಫ್ಲೋರೈಡ್ ಇದೆ ಅಂತ ಅಂಥ ಊರಿನ ತಾಯಂದಿರು ಪೇಸ್ಟಿಗೇ ಹೆದರುತ್ತಾರೆ. ಹೆದರಬೇಕಾದದ್ದು ಕುಡಿಯುವ ನೀರಿಗೆ. ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿ ಕಾಳಿನಷ್ಟು, ಅದಕ್ಕಿಂತ ದೊಡ್ಡವರಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಮಗು ನುಂಗದೆ ಉಗುಳುವಂತೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಊಟದ ಮಾತು. ಹಸಿ ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ, ಬಳ್ಳೊಳ್ಳಿ ಇಲ್ಲದೆ ಚಟ್ನಿ ಇಲ್ಲ. ಬಿಡಿ ಅಂತ ನಾನು ಹೇಳುವುದಿಲ್ಲ. ಬಳ್ಳೊಳ್ಳಿಯ ವಾಸನೆಯ ಅಂಶ ಹೊಟ್ಟೆಯಲ್ಲಿ ಅರಗಿ, ರಕ್ತಕ್ಕೆ ಸೇರಿ, ಪುಪ್ಪುಸದಿಂದ ಉಸಿರಿನಲ್ಲಿ ಬರುತ್ತದೆ. ಎಷ್ಟು ಹಲ್ಲು ತಿಕ್ಕಿದರೂ ಆ ಹೊತ್ತಿಗೆ ಅದು ಹೋಗದಿರುವುದು ಅದಕ್ಕೇ. ಕೆಲವು ತಾಸಿಗೆ ತಾನಾಗಿ ಹೋಗುತ್ತದೆ, ಅದರಿಂದ ಯಾರಿಗೂ ಕೆಡುಕಿಲ್ಲ. ಏಲಕ್ಕಿ, ಲವಂಗ, ಬಡೇಸೋಪು ಅಗಿದರೆ ಜೊಲ್ಲು ಊರುತ್ತದೆ, ಸ್ವಲ್ಪ ಹೊತ್ತು ಪರಿಮಳ. ಅಷ್ಟೇ ಅದರ ಕೆಲಸ. ಬಾಯಿ ಮುಕ್ಕಳಿಸುವ ಬಣ್ಣದ ನೀರೂ ಹಾಗೆಯೇ: ಆಲ್ಕೋಹಾಲ್ ಇರುವಂಥವು ಬಾಯಿ ಒಣಗಿಸುತ್ತವೆ, ಕ್ಲೋರ್‌ಹೆಕ್ಸಿಡಿನ್ ಇರುವಂಥವು ತಿಂಗಳುಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಕಲೆ ತರುತ್ತವೆ. ವೈದ್ಯರು ಇಷ್ಟು ದಿನ ಅಂತ ಹೇಳಿದರೆ ಅಷ್ಟೇ ದಿನ.

ಎಲ್ಲಾ ಸರಿಯಾಗಿ ಮಾಡಿದರೂ ವಾಸನೆ ಹೋಗದಿದ್ದರೆ? ಗಂಟಲಿನ ಗಡ್ಡೆಯ, ಅಂದರೆ ಟಾನ್ಸಿಲ್‌ನ, ಗುಳಿಯಲ್ಲಿ ಬಿಳಿ ಹರಳು ಕೂಡುವುದುಂಟು, ಸೈನಸ್ ಇರುವುದುಂಟು. ಒಬ್ಬ ತಾಯಿ ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಬಂದಿದ್ದಳು. ದಿನಕ್ಕೆ ಮೂರು ಸಲ ಹಲ್ಲು ತಿಕ್ಕಿಸಿ, ವಾಸನೆ ಹೋಗಲಿಲ್ಲ ಅಂತ ಕೂಸಿಗೆ ಬಡಿದೂ ಇದ್ದಳು. ಹಲ್ಲು ನೋಡಿದೆ, ಮುತ್ತಿನ ಹಾಗಿದ್ದವು. ನಾಲಿಗೆ ಗುಲಾಬಿ. ಮತ್ತೆ ಮುಖ ನೋಡಿದಾಗ ಒಂದೇ ಹೊಳ್ಳೆಯಿಂದ ಸಿಂಬಳ ಇಳಿಯುತ್ತಿತ್ತು, ಇನ್ನೊಂದು ಒಣಗಿತ್ತು. ಕಿವಿ-ಮೂಗು-ಗಂಟಲಿನ ವೈದ್ಯರ ಹತ್ತಿರ ಕಳಿಸಿದೆ. ಮೂಗಿನೊಳಗಿಂದ ಬಂದದ್ದು ಒಂದು ಶೇಂಗಾ ಬೀಜ. ಎಷ್ಟು ದಿನದ ಹಿಂದೆ ಹಾಕಿಕೊಂಡಿದ್ದನೋ. ಮಗುವಿನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬಂದರೆ ಇದನ್ನು ನೆನಪಿಡಿ, ನೀವೇ ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ. ಸಕ್ಕರೆ ವಿಪರೀತ ಏರಿದಾಗ ಉಸಿರಿಗೆ ಹಣ್ಣು ಹುಳಿತಂಥ ವಾಸನೆ ಬರುವುದುಂಟು, ಜೊತೆಗೆ ವಾಂತಿ, ಸುಸ್ತು. ಆಗ ಹಲ್ಲಿನ ದವಾಖಾನೆ ಅಲ್ಲ, ನೇರ ದೊಡ್ಡ ಆಸ್ಪತ್ರೆ.

ಇನ್ನೊಬ್ಬರ ಬಾಯಿ ನಾರುತ್ತಿದ್ದರೆ ಹೇಳುವುದು ಹೇಗೆ ಅಂತ ನೀವು ಚೀಟಿಯಲ್ಲಿ ಬರೆದು ಕೊಟ್ಟಿದ್ದೀರಿ. ಹೇಳಬೇಕು. ಗಂಡನಿಗೆ ಹೆಂಡತಿ, ಅವ್ವಗ ಮಗಳು, ಗೆಳತಿಗೆ ಗೆಳತಿ, ಇಬ್ಬರೇ ಇದ್ದಾಗ. "ನಿನ್ನ ವಸಡ ಒಮ್ಮೆ ತೋರಸೋಣ ಬಾ, ನಾನೂ ಬರ್ತೀನಿ" ಅಂದರೆ ಸಾಕು. ನಾಲ್ಕು ಮಂದಿ ಮುಂದೆ ಮೂಗು ಮುಚ್ಚಿಕೊಂಡು ಮಾಡಿದ ಗಾಯ ಮಾತ್ರ ಮಾಯುವುದಿಲ್ಲ. ಶಾಲೆಯಲ್ಲಿ ಯಾರೋ ಒಮ್ಮೆ ಅಂದ ಮಾತಿಗೆ, ವಾಸನೆಯೇ ಇಲ್ಲದಿದ್ದರೂ ಇದೆ ಅಂತ ನಂಬಿ ಕಾಲೇಜಿನಲ್ಲಿ ಕೊನೆಯ ಬೆಂಚಿಗೆ ಹೋಗಿ ಕೂಡುವ ಮಕ್ಕಳನ್ನು ನಾನು ನೋಡಿದ್ದೇನೆ. ಅಂಥವರಿಗೆ ಹಲ್ಲಿನ ಔಷಧ ಬೇಡ, ಮನಸ್ಸಿಗೆ ಆಸರೆ ಬೇಕು.

ಈಗ ಕೈಕೆಲಸ. ಬ್ರಷ್ ಮೆತ್ತನೆಯದಿರಲಿ, ಮೂರು ತಿಂಗಳಿಗೊಮ್ಮೆ ಅಥವಾ ಕೂದಲು ಚದರಿದರೆ ಅದಕ್ಕೂ ಮೊದಲು ಬದಲಿಸಿ. ಬೇವಿನ ಕಡ್ಡಿಯ ರೂಢಿ ಇದ್ದವರು ತುದಿಯನ್ನು ಚೆನ್ನಾಗಿ ಅಗಿದು ಕುಂಚ ಮಾಡಿಕೊಳ್ಳಿ, ಆದರೆ ರಾತ್ರಿ ಫ್ಲೋರೈಡ್ ಪೇಸ್ಟೇ ಇರಲಿ. ಬ್ರಷ್ಷಿನ ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನ ಮೇಲೆ, ಓರೆಯಾಗಿ. ಗರಗಸದ ಹಾಗೆ ಎಳೆಯಬೇಡಿ, ಸಣ್ಣ ಸುತ್ತು. ಎರಡು ನಿಮಿಷ. ಪೇಸ್ಟ್ ಉಗುಳಿ, ಆದರೆ ಮೇಲೆ ಮೇಲೆ ಬಾಯಿ ಮುಕ್ಕಳಿಸಿ ಪೂರ್ತಿ ತೊಳೆದು ಬಿಡಬೇಡಿ. ನಾಲಿಗೆ ಹೊರಚಾಚಿ, ಉಸಿರು ಬಿಡುತ್ತಾ, ನಾಲಿಗೆ ಕೆರೆಯುವ ಪಟ್ಟಿಯಿಂದ ಹಿಂದಿನಿಂದ ಮುಂದಕ್ಕೆ ನಾಲ್ಕೈದು ಸಲ ಎಳೆಯಿರಿ. ಓಣಿಗೆಲ್ಲಾ ಕೇಳುವ ಹಾಗೆ ಓಕರಿಸಬೇಕಿಲ್ಲ, ರಕ್ತ ಬರುವಷ್ಟು ಕೆರೆಯಬೇಕಿಲ್ಲ. ಹಲ್ಲಿನ ಸೆಟ್ ಹಾಕಿಕೊಂಡ ಹಿರಿಯರು ರಾತ್ರಿ ತೆಗೆದು, ತಿಕ್ಕಿ ತೊಳೆದು, ನೀರಿನ ಬಟ್ಟಲಲ್ಲಿ ಇಡಿ.

ಇಷ್ಟಾದರೂ ಎರಡು ಹಲ್ಲಿನ ನಡುವಿನ ಸಂದಿಗೆ ಬ್ರಷ್ ಹೋಗುವುದಿಲ್ಲ. ಅಲ್ಲಿಗೆ ನೀವು ಏನು ಹಾಕುತ್ತೀರಿ? ಬಳೆಯಲ್ಲಿ ಸಿಗಿಸಿಕೊಂಡ ಪಿನ್ನು, ಗಂಡಸರಾದರೆ ಬೆಂಕಿಕಡ್ಡಿ. ವಸಡು ಹರಿಯುತ್ತದೆ, ಸಂದಿ ದೊಡ್ಡದಾಗುತ್ತದೆ. ಅಲ್ಲಿಗೆ ಹೋಗಬೇಕಾದದ್ದು ದಾರ. ಅದಕ್ಕೆಂದೇ ಮಾಡಿದ್ದು ಔಷಧ ಅಂಗಡಿಯಲ್ಲಿ ಫ್ಲಾಸ್ ಅಂತ ಕೇಳಿದರೆ ಸಿಗುತ್ತದೆ. ಮಗ್ಗದ ದಾರ ಬೇಡ, ಅದಕ್ಕೆ ಬಣ್ಣ, ಗಂಜಿ ಹತ್ತಿರುತ್ತದೆ. ಬೇರೆ ಊರಿನಲ್ಲಿ ಇದನ್ನು ಕಲಿಸಲು ನನಗೆ ಹೊತ್ತು ಹಿಡಿಯುತ್ತದೆ, ಹರಿದ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕುವ ನಿಮ್ಮ ಬೆರಳಿಗೆ ಏನು ಕಷ್ಟ? ಆ ಅಕ್ಕ ಎರಡನೇ ಸಲಕ್ಕೇ ನನಗಿಂತ ನಾಜೂಕಾಗಿ ಮಾಡಿದ್ದರು. ಪಾಚಿ ತೆಗೆಸಿಕೊಂಡು, ರಾತ್ರಿ ಬ್ರಷ್, ನಾಲಿಗೆ ಪಟ್ಟಿ, ಈ ದಾರ ಇಷ್ಟನ್ನೇ ಮಾಡಿ ಮೂರು ವಾರಕ್ಕೆ ಮತ್ತೆ ಬಂದಾಗ ಸೆರಗು ಹೆಗಲ ಮೇಲೆ ಇತ್ತು.

ಫ್ಲಾಸಿನ ಡಬ್ಬಿ ಸಾಲಿನಲ್ಲಿ ಬರುತ್ತಿದೆ. ಮೊಳಕೈಯಿಂದ ಬೆರಳ ತುದಿಗೆ ಅಳತೆ ಹಿಡಿದು ಒಂದು ಮೊಳ ಹರಿದುಕೊಳ್ಳಿ. ಎರಡೂ ಕೈಯ ನಡುಬೆರಳಿಗೆ ಸುತ್ತಿ, ನಡುವೆ ಒಂದು ಬೆರಳಿನಷ್ಟು ಬಿಡಿ. ಹಿಂದಿನ ದವಡೆಯ ಎರಡು ಹಲ್ಲಿನ ನಡುವೆ, ಜಗ್ಗಿ ಒತ್ತದೆ, ಹಿಂದೆ ಮುಂದೆ ಆಡಿಸುತ್ತಾ ಇಳಿಸಿ. ಒಂದು ಹಲ್ಲನ್ನು ತಬ್ಬುವ ಹಾಗೆ ಬಾಗಿಸಿ, ಮೇಲೆ ಕೆಳಗೆ ಎರಡು ಸಲ. ಆಮೇಲೆ ಪಕ್ಕದ ಹಲ್ಲು. ಹೊರಗೆ ತೆಗೆದು, ಆ ದಾರವನ್ನು ಮೂಗಿನ ಹತ್ತಿರ ಹಿಡಿದು ನೋಡಿ.